ಮಾರ್ಜಿನಲ್ ಕಾಸ್ಟ್, ಇಂಡಿಫರೆನ್ಸ್ ಕರ್ವ್: ಕನ್ನಡದಾಗ ಏನಂತ ಬರೀಬೇಕು? (ಅರ್ಜೆಂಟ್)

ಕಲಬುರಗಿಯಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ್ರಿ. ನಾ ಇಲ್ಲಿ ಕಲಬುರಗಿಯೊಳಗ ಕನ್ನಡ ಮೀಡಿಯಂ ಬಿಎ ಹುಡುಗರಿಗೆ ಅರ್ಥಶಾಸ್ತ್ರ ಹೇಳ್ತೀನಿ. ಸೋಮವಾರ ಮುಂಜಾನೆ ನೋಟ್ಸ್ ಡಿಟಿಪಿಗೆ ಕೊಡಬೇಕಾಗ್ಯದ. ಗ್ರಾಹಕನ ಆಯ್ಕೆ ಒಂದು ಅಧ್ಯಾಯ, ಉತ್ಪಾದನಾ ವೆಚ್ಚ ಇನ್ನೊಂದು, ಎರಡೂ ಬರ್ದು ಮುಗ್ಸೀನಿ, ಆದ್ರ ಎರಡು ಪದದ ಹತ್ರ ಬಂದು ನಿಂತುಬಿಟ್ಟೀನಿ.

ಒಂದು, ಮಾರ್ಜಿನಲ್, ಅಂದ್ರ ಇನ್ನೊಂದು ಘಟಕ ಕೂಡಿದ್ರ ಮ್ಯಾಲ ಎಷ್ಟು ಹೆಚ್ಚಾಗ್ತದ ಅನ್ನೋದು. ಪಿಯು ಪುಸ್ತಕದಾಗ ಸೀಮಾಂತ ಅಂತ ಅದ, ಸೀಮಾಂತ ತುಷ್ಟಿಗುಣ (ವಸ್ತುವಿನಿಂದ ಸಿಗೋ ತೃಪ್ತಿ), ಸೀಮಾಂತ ವೆಚ್ಚ. ಹುಡುಗರು ಅದನ್ನ ಸೀಮಿತ ಅಂತ ಓದ್ತಾರ. "ಸೀಮಿತ ವೆಚ್ಚ ಎಂದರೆ ಮಿತಿಯೊಳಗೆ ಮಾಡುವ ಖರ್ಚು" ಅಂತ ಬರ್ದ ಉತ್ತರ ನಾನೇ ತಿದ್ದೀನಿ, ಒಂದಲ್ಲ, ಭಾಳ. ಇಂಗ್ಲಿಷ್ ಪದಾನೇ ಇಡೋಣಂದ್ರ ಅದೂ ಆಗಂಗಿಲ್ಲ, ಯಾಕಂದ್ರ ನಮ್ಮ ಧಾನ್ಯದ ಬಜಾರ್ ಗಂಜ್‌ನಾಗ ಮಾರ್ಜಿನ್ ಅಂದ್ರ ಲಾಭ. "ಈ ಸಲ ಬ್ಯಾಳಿಯೊಳಗ ಮಾರ್ಜಿನ್ನೇ ಇಲ್ರಿ" ಅನ್ನೋದು ಕೇಳಿ ಬೆಳ್ದ ಹುಡುಗ ಮಾರ್ಜಿನಲ್ ಕಾಸ್ಟ್ ಅಂದ ಕೂಡಲೇ ಲಾಭದ ಲೆಕ್ಕಕ್ಕ ಕೂಡ್ತಾನ.

ಎರಡು, ಇಂಡಿಫರೆನ್ಸ್ ಕರ್ವ್, ಅಂದ್ರ ಯಾವುದು ಕೊಟ್ರೂ ನಡೀತದ ಅಂತ ಗ್ರಾಹಕನಿಗೆ ಅನ್ನಿಸೋ ಎರಡು ವಸ್ತುಗಳ ಬುಟ್ಟಿಗಳನ್ನ ಕೂಡಿಸೋ ರೇಖೆ. ಒಂದು ಪುಸ್ತಕದಾಗ ಔದಾಸೀನ್ಯ ವಕ್ರರೇಖೆ, ಒಂದರಾಗ ತಟಸ್ಥ ರೇಖೆ, ಮತ್ತೊಂದರಾಗ ಸಮತೃಪ್ತಿ ರೇಖೆ. "ಓದಿನಾಗ ಉದಾಸೀನ ಮಾಡಬ್ಯಾಡ್ರಿ" ಅಂತ ಕ್ಲಾಸಿನಾಗ ಬೈಯೋಳೂ ನಾನೇ, ಬೋರ್ಡಿನ ಮ್ಯಾಲ ಔದಾಸೀನ್ಯ ರೇಖೆ ಬರಿಯೋಳೂ ನಾನೇ. ಹುಡುಗರಿಗೆ ಗ್ರಾಹಕ ಅಂದ್ರ ಏನೂ ಲಕ್ಷ್ಯ ಇಲ್ಲದವ ಅನ್ನಿಸ್ತದ. ಅವನು ಪೈಸೆ ಪೈಸೆ ಲೆಕ್ಕ ಹಾಕ್ಲಿಕತ್ತಾನ್ರಿ. ಭಾನುವಾರ ರಾತ್ರಿಯೊಳಗ ದಯಮಾಡಿ ಹೇಳ್ರಿ.

ಬೀದರದಿಂದ:

ಮೇಡಂ, ಉದಾಸೀನ ಪದದಾಗ ತಪ್ಪಿಲ್ಲ, ಅದನ್ನ ಕೆಡಿಸಿದವರು ನಾವು. ಉತ್, ಆಸೀನ. ದೂರ ಸರಿದು ಕುಂತವ. ಕೌಟಿಲ್ಯನ ರಾಜಮಂಡಲದಾಗ ಅರಿ, ಮಿತ್ರ, ಮಧ್ಯಮ, ಉದಾಸೀನ ಅಂತ ರಾಜರು ಬರ್ತಾರ. ಅಲ್ಲಿ ಉದಾಸೀನ ಅಂದ್ರ ಮೈಗಳ್ಳ ರಾಜ ಅಲ್ಲ, ಯಾರ ಪಕ್ಷಕ್ಕೂ ಹೋಗದೆ ಹೊರಗ ಇರೋ ಬಲಶಾಲಿ. ಎರಡು ಬುಟ್ಟಿ ಮುಂದಿಟ್ಟಾಗ ಆ ಕಡೆನೂ ವಾಲದೆ ಈ ಕಡೆನೂ ವಾಲದೆ ಕುಂತ ಗ್ರಾಹಕನಿಗೆ ಇದಕ್ಕಿಂತ ಸರಿಯಾದ ಪದ ಯಾವುದದ? ಸಮತೃಪ್ತಿ ಅಂತ ಮಾತ್ರ ಬರೀಬ್ಯಾಡ್ರಿ. ತೃಪ್ತಿ ಅಳದು ಸಮ ಮಾಡಿದಂಗ ಕೇಳ್ತದ. ಎಡ್ಜ್‌ವರ್ತ್ ಅನ್ನೋ ಅರ್ಥಶಾಸ್ತ್ರಜ್ಞ 1881ರಾಗ ಈ ರೇಖೆ ತಂದಾಗ ಅವರು ತೃಪ್ತಿ ಅಳೀಬಹುದು ಅಂತಲೇ ನಂಬಿದ್ರು, ಆದ್ರ 1934ರಾಗ ಹಿಕ್ಸ್ ಮತ್ತು ಅಲೆನ್ ಅದೇ ರೇಖೆ ಹಿಡ್ಕೊಂಡು ಅಳತಿ ಬ್ಯಾಡ, ಯಾವುದು ಮೊದಲು ಯಾವುದು ಆಮ್ಯಾಲ ಅನ್ನೋ ಕ್ರಮ ಇದ್ರ ಸಾಕು ಅಂದ್ರು. ಸಮತೃಪ್ತಿ ಅನ್ನೋ ಪದ ಆ ಐವತ್ತು ವರ್ಷದ ಕೆಲಸ ಅಳಿಸಿಹಾಕ್ತದ.

ಸೀಮಾಂತಾನೂ ಹಂಗೇ ಇರಲಿ. ಜೆವನ್ಸ್ 1871ರಾಗ ತುಷ್ಟಿಗುಣದ ಅಂತಿಮ ಪ್ರಮಾಣ ಅನ್ನೋ ಅರ್ಥದ ಪದ ಬಳಸಿದ್ದ, 1884ರಾಗ ವೀಸರ್ ಜರ್ಮನ್‌ದಾಗ ಗ್ರೆಂಜ್‌ನುಟ್ಸೆನ್ ಅಂದ, ಗ್ರೆಂಜೆ ಅಂದ್ರ ಗಡಿ, 1888ರಾಗ ವಿಕ್‌ಸ್ಟೀಡ್ ಅದನ್ನ ಇಂಗ್ಲಿಷಿಗೆ ಮಾರ್ಜಿನಲ್ ಅಂತ ತಂದ. ಸೀಮಾ, ಅಂತ: ಗಡಿಯ ತುದಿ. ಮೂಲಕ್ಕ ಇಷ್ಟು ನೆಟ್ಟಗ ಕೂತ ಅನುವಾದ ಕಡಿಮಿ. ಹುಡುಗರು ಸೀಮಿತ ಅಂತ ಓದಿದ್ರ ಅದು ಓದಿನ ತಪ್ಪು.

ಯಾದಗಿರಿಯಿಂದ:

ಜರ್ಮನಿ ತನಕ ಹೋಗೋದು ಬ್ಯಾಡ್ರಿ ಸರ್. ಕನ್ನಡದಾಗ ಅಂಚು ಅದ, ಗೆರೆ ಅದ. ಅಂಚುವೆಚ್ಚ ಅಂತ ಬರೀರಿ ಮೇಡಂ, ಮುಗೀತು.

ಎರಡನೇದಕ್ಕ ಸಾಟಿಗೆರೆ. ಇದು ನಾ ಭಾಳ ದಿನದಿಂದ ಹೇಳ್ಕೋತ ಬಂದ ಪದ. ಸಾಟಿ ಅಂದ್ರ ಸಮ, "ಅವನಿಗೆ ಸಾಟಿ ಇಲ್ಲ" ಅಂತೀವಲ್ಲ, ಅದು. ಸಾಟಿ ಅಂದ್ರ ಮಾಲಿಗೆ ಮಾಲು ಕೊಡೋದೂ ಹೌದು, ಸಾಟಿ ವ್ಯಾಪಾರ. ಈ ಗೆರಿಯೊಳಗ ಎರಡೂ ಅರ್ಥ ಬೇಕು ನೋಡ್ರಿ. 8 ಕಿಲೋ ಜ್ವಾಳ 4 ಕಿಲೋ ಬ್ಯಾಳಿ ಇರೋ ಮನಿ, 12 ಕಿಲೋ ಜ್ವಾಳ 3 ಕಿಲೋ ಬ್ಯಾಳಿ ಕೊಟ್ರೂ ನಡೀತದ ಅಂದ್ರ ಅವೆರಡು ಒಂದಕ್ಕೊಂದು ಸಾಟಿ. ಅಲ್ಲಿಂದ ಇನ್ನೊಂದು ಕಿಲೋ ಬ್ಯಾಳಿ ತಗದ್ರ 4 ಕಿಲೋ ಜ್ವಾಳ ಸಾಕಾಗಂಗಿಲ್ಲ, 6 ಕೇಳ್ತಾರ, ಯಾಕಂದ್ರ ಬ್ಯಾಳಿ ಕಮ್ಮಿ ಆದಂಗ ಉಳಿದ ಬ್ಯಾಳಿ ಮ್ಯಾಲ ಆಸೆ ಜಾಸ್ತಿ. ಅದಕ್ಕೇ ಗೆರಿ ಒಳಗ ಬಾಗಿರ್ತದ. ಪುಸ್ತಕದಾಗ ಸೀಮಾಂತ ಬದಲಿಕೆಯ ದರ ಅಂತ ಉದ್ದಕ್ಕ ಬರೀತಾರ, ನಾವು ಸಾಟಿದರ ಅಂದ್ರ ಸಾಕು. ಸಂಸ್ಕೃತದ ಉದಾಸೀನ ರಾಜ ನಮ್ಮ ಅಡಗಿ ಮನಿಗೆ ಎದಕ್ಕ?

ಬೀದರದಿಂದ:

ಸಾಟಿಗೆರೆ ಅಂತ ಯಾವ ಪ್ರಶ್ನೆಪತ್ರಿಕೆಯಾಗ ಬರ್ತದ? ಹುಡುಗರು ಫೇಲ್ ಆಗ್ತಾರ.

ಕಲಬುರಗಿಯಿಂದ, ಬ್ಯಾಳಿ ಮಿಲ್ಲಿನ ಲೆಕ್ಕ ಬರಿಯುವವ:

ನಾ ಅರ್ಥಶಾಸ್ತ್ರ ಓದಿದವ ಅಲ್ಲ, ಬಿಕಾಂ ಆಗಿ ದಾಲ್ ಮಿಲ್‌ದಾಗ ಲೆಕ್ಕ ಬರೀತೀನಿ. ಅಂಚುವೆಚ್ಚ ಬ್ಯಾಡ್ರಿ ಮೇಡಂ. ನೀವು ಕ್ಲಾಸಿನಾಗ ಅಂಚುವೆಚ್ಚ ಅಂತ ಜೋರಾಗಿ ಹೇಳ್ರಿ, ಹಿಂದಿನ ಬೆಂಚಿನವ ಹಂಚುವೆಚ್ಚ ಅಂತ ಬರ್ಕೋತಾನ. ಹಂಚುವೆಚ್ಚ ಅಂದ್ರ ಎಲ್ಲಾ ಮಾಲಿಗೆ ಹಂಚಿದ ಖರ್ಚು, ಅಂದ್ರ ಸರಾಸರಿ! ಯಾವ ಎರಡು ಬ್ಯಾರೆ ಬ್ಯಾರೆ ಅಂತ ಕಲಿಸಬೇಕೋ ಅವೇ ಎರಡು ಒಂದಾಗಿ ಹೋಗ್ತಾವ. ಇನ್ನ ನಮ್ಮ ಮನಿಯಾಗ ಸೀರಿಗೂ ದಡಿ ಅಂತೀವಿ, ಅಂಚು ಅನ್ನಂಗಿಲ್ಲ, ಅದು ಬ್ಯಾರೆ ಮಾತು.

ಲೆಕ್ಕ ಹಿಂಗ ಹಿಡೀರಿ, ನಂಬರ್ ಬರೇ ಉದಾಹರಣೆಗೆ. ಶೆಡ್ಡಿನ ಬಾಡಿಗಿ, ಮಷೀನ್ ಸಾಲದ ಕಂತು, ವಾಚ್‌ಮನ್ ಪಗಾರ ಕೂಡಿ ತಿಂಗಳಿಗೆ 80,000. ಒಂದು ಕ್ವಿಂಟಲ್ ಬ್ಯಾಳಿ ತಗೀಲಿಕ್ಕ ತೊಗರಿ, ಕರೆಂಟು, ಹಮಾಲಿ ಕೂಡಿ 7,200. ನೂರು ಕ್ವಿಂಟಲ್ ತಗದ್ರ ಒಟ್ಟು 8 ಲಕ್ಷ, ಸರಾಸರಿ 8,000. ಈಗ ಮಾಲಕರು ಏನು ಕೇಳ್ತಾರ? "ಇನ್ನೊಂದು ಕ್ವಿಂಟಲ್ ತಗದ್ರ ಮ್ಯಾಲ ಎಷ್ಟು ಬೀಳ್ತದ?" 7,200. ಒಟ್ಟು 8,07,200 ಆಯ್ತು, ಸರಾಸರಿ 7,992ಕ್ಕ ಇಳೀತು. ಬಾಡಿಗಿ ನಾಳೆ ಹೆಚ್ಚಾದ್ರೂ ಆ 7,200 ಅಲುಗಾಡಂಗಿಲ್ಲ, ಸರಾಸರಿ ಒಂದೇ ಮ್ಯಾಲ ಹೋಗ್ತದ. ಸುಗ್ಗಿಯಾಗ ರಾತ್ರಿ ಪಾಳಿ ಹಾಕಿ, ಕರೆಂಟ್ ಇಲ್ಲಂತ ಡೀಸೆಲ್ ಸುಟ್ಟು ಅದೇ ಇನ್ನೊಂದು ಕ್ವಿಂಟಲ್‌ಗೆ 8,400 ಬಿದ್ರ ಆವಾಗ ಸರಾಸರಿನೂ ಅದರ ಹಿಂದ ಮ್ಯಾಲ ಏರ್ತದ. ಸರಾಸರಿ ಎಲ್ಲಿ ಎಲ್ಲಕ್ಕಿಂತ ಕೆಳಗಿರ್ತದೋ ಅಲ್ಲೇ ಸರಾಸರಿ, ಸೀಮಾಂತ ಎರಡೂ ರೇಖೆ ಕೂಡ್ತಾವ ಅಂತ ನಿಮ್ಮ ಪುಸ್ತಕದಾಗ ಇರೋದು ಇದೇ ಅಲ್ಲೇನ್ರಿ?

ಹಂಗಂತ ಅಂತಿಮ ವೆಚ್ಚ, ಕೊನಿ ಚೀಲದ ಖರ್ಚು ಅಂತನೂ ಬರೀಬ್ಯಾಡ್ರಿ. ಗೋದಾಮಿನಾಗ ಕೊನಿ ಚೀಲ ಯಾವುದು? ಎಲ್ಲಾ ಒಂದೇ ಥಪ್ಪಿಯಾಗ ಇರ್ತಾವ. ಇನ್ನೊಂದರ ಖರ್ಚು ಅನ್ರಿ. ಗಂಜ್‌ನಾಗ ಯಾರಿಗಾದ್ರೂ ತಿಳೀತದ.

ಯಾದಗಿರಿಯಿಂದ:

ಖರ್ಚು ಫಾರ್ಸಿ. ಕನ್ನಡದ ವೆಚ್ಚ ಇರುವಾಗ ಅದು ಎದಕ್ಕ ಬೇಕು. ಹಂಚು ಅಂತ ತಪ್ಪು ಕೇಳಿದ್ರ ಬೋರ್ಡಿನ ಮ್ಯಾಲ ದೊಡ್ಡದಾಗಿ ಬರೀರಿ.

ಬೀದರದಿಂದ:

ವೆಚ್ಚ ಸಂಸ್ಕೃತದ ವ್ಯಯದ ತದ್ಭವ. ನಿಮ್ಮ ಅಂಚುವೆಚ್ಚದ ಅರ್ಧ ಮನಿ ಬಾಡಿಗಿದೇ. ಕನ್ನಡ ಅಂದ್ರ ಏನು ಅಂತ ಮೊದಲು ತೀರ್ಮಾನ ಮಾಡ್ರಿ, ಆಮ್ಯಾಲ ಬ್ಯಾರೆಯವರ ಪದ ತಗೀರಿ.

ಇನ್ನ ಖರ್ಚು, ಬಾಕಿ, ಜಮಾ, ವಸೂಲಿ ಇವು ಫಾರ್ಸಿ ಅರಬ್ಬಿಯಿಂದ ಬಂದಾವ ಅಂತ ಹೊರಗ ಹಾಕಿದ್ರ ಬೀದರ ಕಲಬುರಗಿಯಾಗ ಒಂದು ಅಂಗಡಿ ಲೆಕ್ಕ ಬರೀಲಿಕ್ಕ ಆಗಂಗಿಲ್ಲ. 1948ರ ತನಕ ನಾವು ನಿಜಾಮರ ಕೈಕೆಳಗ ಇದ್ದೋರು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಾಗ ಶುರು ಆದಾಗ ಉರ್ದುವಿನಾಗ ಕಲಿಸಲಿಕ್ಕ ಅಂತ ಅನುವಾದದ ದೊಡ್ಡ ಇಲಾಖೆಯನ್ನೇ ಮಾಡಿದ್ರು, ಅರಬ್ಬಿ ಫಾರ್ಸಿ ಧಾತು ಹಿಡ್ಕೊಂಡು ಶಾಸ್ತ್ರದ ಪದ ಕಟ್ಟಿದ್ರು. ಆ ಪದಗಳು ನಮ್ಮ ಬಾಯಿಗೆ ಬರ್ಲಿಲ್ಲ. ಬಾಯಾಗ ಉಳದಿದ್ದು ಬಜಾರಿನ ಬಾಕಿ, ಬಜಾರಿನ ಜಮಾ. ಇದು ಬರೀತಾ ಬರೀತಾ ನನ್ನ ಸೀಮಾಂತಕ್ಕೂ ಈ ಮಾತು ತಾಕ್ತದ ಅಂತ ಗೊತ್ತಾಗ್ಲಿಕತ್ತದ, ಆದ್ರೂ ಪಠ್ಯದಾಗ ಇಷ್ಟು ವರ್ಷ ನಿಂತ ಪದ ಒಂದು ನೋಟ್ಸಿಗಾಗಿ ಬದಲು ಮಾಡಬ್ಯಾಡ್ರಿ ಅಂತೀನಿ.

ಯಾದಗಿರಿಯಿಂದ:

ತದ್ಭವ ಆದದ್ದು ಕನ್ನಡ ಆಗ್ಯದ, ವ್ಯಯ ಅಂದ್ರ ಆಗಿಲ್ಲ. ಅಷ್ಟೇ ವ್ಯತ್ಯಾಸ. ನಿಮಗ ಅದು ಕಾಣಂಗಿಲ್ಲ, ನಾ ಹೇಳೋದು ಬಿಟ್ಟೀನಿ.

ಕಲಬುರಗಿಯಿಂದ, ಕೇಳಿದವರು:

ಎಲ್ಲರದೂ ಓದಿದೆ, ಎರಡೆರಡು ಸಲ ಓದಿದೆ. ಬೀದರ ಸರ್, ಉದಾಸೀನದ ಮೂಲ ನನಗ ಗೊತ್ತಿರಲಿಲ್ಲ, ಕ್ಲಾಸಿನಾಗ ಖಂಡಿತ ಹೇಳ್ತೀನಿ. ಆದ್ರ ಕೌಟಿಲ್ಯನ ಕಾಲದ ಅರ್ಥ ಹೇಳಿ ತಿಳಿಸಬೇಕಾದ ಪದ ಮೂರು ತಾಸಿನ ಪರೀಕ್ಷೆಯಾಗ ಹುಡುಗನ ಕೈ ಹಿಡಿಯಂಗಿಲ್ರಿ, ಆವಾಗ ಅವನಿಗೆ ನೆನಪಾಗೋದು ಮನಿಯಾಗ ಕೇಳಿದ ಅರ್ಥ. ಸಮತೃಪ್ತಿ ಬಗ್ಗೆ ನೀವು ಹೇಳಿದ್ದು ಖರೆ, ಅದು ಅಳತಿ ಇದ್ದಂಗ ಕೇಳ್ತದ, ಅದಕ್ಕ ಅದನ್ನೂ ಬಿಟ್ಟೀನಿ. ತಟಸ್ಥ ರೇಖೆ ಅಂತ ಬರ್ದೀನಿ, ದಡದ ಮ್ಯಾಲ ನಿಂತವ, ಆ ಕಡೆ ಈ ಕಡೆ ಇಲ್ಲದವ ಅಂದ್ರ ಹುಡುಗರಿಗೆ ತಿಳೀತದ, ನಿಮ್ಮ ಉದಾಸೀನ ರಾಜನೂ ಅವನೇ ಅಲ್ಲೇನ್ರಿ. ಮೊದಲ ಸಲ ಬಂದಲ್ಲಿ ಪರೀಕ್ಷೆಗಾಗಿ ಔದಾಸೀನ್ಯ ರೇಖೆ ಅಂತಲೂ ಕರೆಯುತ್ತಾರೆ ಅಂತ ಸೇರಿಸೀನಿ.

ಯಾದಗಿರಿ ಸರ್, ಸಾಟಿಗೆರೆ ತಲಿಬರಹಕ್ಕ ತಗೊಳ್ಳೋ ಧೈರ್ಯ ನನಗಿಲ್ಲ, ಸಿಟ್ಟಾಗಬ್ಯಾಡ್ರಿ. ಆದ್ರ ಜ್ವಾಳ ಬ್ಯಾಳಿ ಉದಾಹರಣೆ ಹಂಗೇ ಹಾಕೀನಿ, "ಒಂದಕ್ಕೊಂದು ಸಾಟಿ" ಅನ್ನೋ ಮಾತೂ ಹಾಕೀನಿ. ಬದಲಿಕೆಯ ದರ, ಅಂದ್ರ ಒಂದು ಕಿಲೋ ಜ್ವಾಳಕ್ಕ ಬಿಟ್ಟುಕೊಡೋ ಬ್ಯಾಳಿ, ಯಾಕ ಇಳೀತದ ಅಂತ ನಾ ಒಂದು ಪುಟ ಬರ್ದಿದ್ದೆ, ಅದನ್ನ ತಗದು ನಿಮ್ಮ 4 ಕಿಲೋ 6 ಕಿಲೋ ಇಟ್ಟೆ.

ಸೀಮಾಂತ ಉಳೀತು. ಅದರ ಕೆಳಗ ಬಾಕ್ಸ್ ಮಾಡಿ "ಇನ್ನೊಂದು ಘಟಕ ತಯಾರಿಸಲು ಮೇಲೆ ಬೀಳುವ ವೆಚ್ಚ" ಅಂತ ಬರ್ದು ಮಿಲ್ಲಿನ ಲೆಕ್ಕ ಪೂರ್ತಿ ಹಾಕೀನಿ, 80,000, 7,200, 7,992 ಎಲ್ಲಾ. ಹಂಚುವೆಚ್ಚದ ಮಾತು ಓದಿ ಕ್ಲಾಸಿನಾಗ ಅಂಚು ಅನ್ನೋ ಪದಾನೇ ಬಳಸಂಗಿಲ್ಲ ಅಂತ ಠರಾವು ಮಾಡೀನಿ.

ಇನ್ನೊಂದು ಉಳದದ. ಅಲ್ಪಾವಧಿಯ ಸರಾಸರಿ ವೆಚ್ಚದ ರೇಖೆಗಳೆಲ್ಲಾ ತಾಕುವಂಗ ಕೆಳಗಿಂದ ಬರೋ ದೀರ್ಘಾವಧಿ ರೇಖೆಗೆ ಎನ್ವಲಪ್ ಕರ್ವ್ ಅಂತಾರಲ್ಲ, ಅದನ್ನ ಲಕೋಟೆ ರೇಖೆ ಅಂತ ಬರ್ದಿದ್ದು ನೋಡೀನಿ. ಅದು ಪತ್ರ ಹಾಕೋ ಲಕೋಟೆ ಅಲ್ಲ, ಸುತ್ತಿಕೊಳ್ಳೋದು, ಹೊದಿಸೋದು. ಹೊದಿಕೆ ರೇಖೆ ಅಂತ ಬರ್ದೀನಿ. ಬ್ಯಾರೆ ಪದ ಇದ್ರ ರಾತ್ರಿ ಎಂಟರೊಳಗ ಹೇಳ್ರಿ, ಆಮ್ಯಾಲ ಪೆನ್‌ಡ್ರೈವ್ ತಗೊಂಡು ಡಿಟಿಪಿಯವರ ಕಡೆ ಹೊಂಟೀನಿ.