ಕೀ ಇಲ್ಲದ ಹಳೆಯ ಅಂಬಾಸಿಡರ್‌ಗೆ ಇಗ್ನಿಷನ್ ಲಾಕ್ ಬದಲಿಸುವುದು ಹೇಗೆ?

ಹದಡಿ ರಸ್ತೆ ನಿವಾಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಹೆಸರಿನಲ್ಲಿರುವ 1977ರ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಗಾಡಿ, ಅವರು ತೀರಿಕೊಂಡಾಗಿನಿಂದ ಮನೆಯ ಶೆಡ್ಡಿನಲ್ಲಿಯೇ ನಿಂತಿದೆ. ಎಂಜಿನ್ ಜಾಮ್ ಆಗಿಲ್ಲ, ಮುಂದಿನಿಂದ ಹ್ಯಾಂಡಲ್ ಹಾಕಿದರೆ ತಿರುಗುತ್ತದೆ. ಆದರೆ ಇಗ್ನಿಷನ್ ಕೀ ಎಲ್ಲಿ ಹುಡುಕಿದರೂ ಸಿಗುತ್ತಿಲ್ಲ. ಡಿಕ್ಕಿಯ ಕೀ ಒಂದಿದೆ, ಅದು ಇಗ್ನಿಷನ್ ಲಾಕಿನೊಳಗೆ ಅರ್ಧಕ್ಕೇ ನಿಲ್ಲುತ್ತದೆ.

ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ಕೇಳಿದಾಗ, ಲಾಕನ್ನು ಒಡೆದು ತೆಗೆದು, ಆ ಜಾಗದಲ್ಲಿ ಮನೆಯ ಲೈಟಿಗೆ ಹಾಕುವಂಥ ಸ್ವಿಚ್ಚೊಂದನ್ನು ಕೂರಿಸಿಕೊಡುತ್ತೇವೆ ಎಂದರು. ನನಗೆ ಅದು ಸರಿಕಾಣಲಿಲ್ಲ. ಡ್ಯಾಶ್ ಬೋರ್ಡಿಗೆ ಏಟು ಬೀಳದಂತೆ ಹಳೆಯ ಲಾಕಿಗೇ ಕೀ ಮಾಡಿಸಲು ಸಾಧ್ಯವೇ? ಇಲ್ಲವೆಂದರೆ ಪೂರ್ತಿ ಸ್ವಿಚ್ ಬದಲಿಸುವುದಕ್ಕೆ ಸರಿಯಾದ ಕ್ರಮ ಯಾವುದು? ಹಿಂಭಾಗದ ವೈರುಗಳ ಬಣ್ಣ ಮಾಸಿದೆ, ಕೆಲವಕ್ಕೆ ಟೇಪು ಸುತ್ತಿದ್ದಾರೆ.

ಗುಜರಿ ಪ್ರೇಮಿ, ಹರಿಹರ

ಒಡೆಯುವುದಕ್ಕೆ ಒಪ್ಪದೆ ಇದ್ದದ್ದು ಒಳ್ಳೆಯದಾಯಿತು. ಅಂಥ ಸ್ವಿಚ್ ಹಾಕಿದ ಗಾಡಿಯನ್ನು ಯಾರು ಬೇಕಾದರೂ ಹೊಡೆದುಕೊಂಡು ಹೋಗಬಹುದು; ಅಷ್ಟು ಕರೆಂಟನ್ನು ತಡೆದುಕೊಳ್ಳುವ ಶಕ್ತಿಯೂ ಅದಕ್ಕಿರುವುದಿಲ್ಲ.

ಇಗ್ನಿಷನ್ ಲಾಕ್ ಎಂದು ನಾವು ಕರೆಯುವ ವಸ್ತುವಿನಲ್ಲಿ ಎರಡು ಭಾಗಗಳಿವೆ. ಮುಂದೆ ಕೀ ಹೋಗುವ ಬ್ಯಾರಲ್, ಹಿಂದೆ ವೈರುಗಳು ಸೇರುವ ಸ್ವಿಚ್. ಬ್ಯಾರಲ್ ಒಳಗೆ ಸ್ಪ್ರಿಂಗಿನ ಮೇಲೆ ನಿಂತ ತೆಳುವಾದ ಹಿತ್ತಾಳೆ ಫಲಕಗಳಿದ್ದು, ಸರಿಯಾದ ಕೀ ಅವನ್ನೆಲ್ಲ ಒಂದೇ ಮಟ್ಟಕ್ಕೆ ತಂದಾಗ ಮಾತ್ರ ಅದು ತಿರುಗುತ್ತದೆ. ಈ ಮಾದರಿಯ ಹಲವು ಲಾಕುಗಳಲ್ಲಿ ಬ್ಯಾರಲ್ ಒಂದನ್ನೇ ಹೊರತೆಗೆಯಲು ಪಕ್ಕದಲ್ಲಿ ಸಣ್ಣ ತೂತು ಇರುತ್ತದೆ, ಆದರೆ ಕೀ ತಿರುಗಿಸಿದ ಸ್ಥಿತಿಯಲ್ಲಿದ್ದಾಗ ಮಾತ್ರ ಆ ತೂತಿನಲ್ಲಿ ಪಿನ್ ಒತ್ತಿ ಅದನ್ನು ಎಳೆಯಬಹುದು. ಕೀ ಇಲ್ಲದ ನಿಮಗೆ ಆ ದಾರಿ ಇಲ್ಲವಾದ್ದರಿಂದ, ಸ್ವಿಚ್ ಸಮೇತ ಪೂರ್ತಿ ಲಾಕನ್ನೇ ಬಿಚ್ಚಬೇಕಾಗುತ್ತದೆ. ಅದನ್ನು ಡ್ಯಾಶ್ ಬೋರ್ಡಿಗೆ ಹಿಡಿದಿರುವುದು ಮುಂದೆ ಕಾಣುವ ತಿರುಪಿನ ರಿಂಗು. ಪಕ್ಕಡಿನ ಬಾಯಿಗೆ ಚರ್ಮದ ತುಂಡು ಸುತ್ತಿ ತಿರುಗಿಸಿದರೆ ಕ್ರೋಮ್ ಕೆಡದೆ ಬಿಚ್ಚಿಕೊಳ್ಳುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಸ್ವಲ್ಪ ಸೀಮೆಎಣ್ಣೆ ಬಿಡಿ.

ಬಿಚ್ಚಿದ ಲಾಕನ್ನು ಕೈಯಲ್ಲಿ ಹಿಡಿದು, ಗಾಡಿಗಳ ಕೀ ಮಾಡುವ ಅನುಭವಸ್ಥರ ಬಳಿಗೆ ಹೋಗಿ. ಕೆಲವು ಹಳೆಯ ಲಾಕುಗಳ ಮುಖದ ಮೇಲೆ ಕೀ ಸಂಖ್ಯೆ ಕೆತ್ತಿರುತ್ತದೆ, ಅದಿದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಫಲಕಗಳ ಎತ್ತರ ನೋಡಿ ಖಾಲಿ ಕೀಯನ್ನು ಅರದಿಂದ ಉಜ್ಜಿ ಮಾಡುತ್ತಾರೆ. ತಾಳ್ಮೆಯ ಕೆಲಸವದು. ಕೀ ಆದ ಮೇಲೆ ಒಳಗೆ ದಪ್ಪ ಎಣ್ಣೆ ಬಿಡಬೇಡಿ, ನಮ್ಮ ಊರುಗಳ ಧೂಳು ಅದಕ್ಕೆ ಅಂಟಿ ಫಲಕಗಳು ಮತ್ತೆ ಸಿಕ್ಕಿಕೊಳ್ಳುತ್ತವೆ. ಗ್ರಾಫೈಟ್ ಪುಡಿ ಸಾಕು.

ಕೋಟೆ ಕಡೆಯವರು, ಚಿತ್ರದುರ್ಗ

ಕೀ ಮಾಡುವವರ ಬಳಿಗೆ ಹೋಗುವಾಗ ಆರ್‌ಸಿಯನ್ನೂ ನಿಮ್ಮ ಗುರುತಿನ ಚೀಟಿಯನ್ನೂ ಒಯ್ಯಿರಿ. ಕೇಳದೆಯೇ ಮಾಡಿಕೊಡುವವರ ಕೈಗೆ ನಾನಂತೂ ಲಾಕು ಕೊಡುವುದಿಲ್ಲ. ತಂದೆಯವರ ಹೆಸರಿನಿಂದ ವರ್ಗಾವಣೆ ಆಗಿಲ್ಲವೆಂದರೆ ಫಾರಂ 31, ನೋಂದಣಿ ಅವಧಿ ಮುಗಿದಿದ್ದರೆ ಫಾರಂ 25 ಬೇಕಾಗುತ್ತದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಿಮ್ಮ ಗಾಡಿ ಅದಕ್ಕಿಂತ ಇಪ್ಪತ್ತು ವರ್ಷ ಹಳೆಯದು, ಆದ್ದರಿಂದ ಮೂಲ ದಾಖಲೆ ಯಾವ ಕಚೇರಿಯದೆಂದು ಆರ್‌ಸಿಯಲ್ಲಿ ಮೊದಲೇ ನೋಡಿಕೊಳ್ಳಿ.

ಹದಡಿ ರಸ್ತೆ ನಿವಾಸಿ, ದಾವಣಗೆರೆ

ಇಬ್ಬರಿಗೂ ಧನ್ಯವಾದಗಳು. ರಿಂಗು ಬಿಚ್ಚಿ ನೋಡಿದೆ. ಲಾಕಿನ ಮುಖದ ಮೇಲೆ ಸಂಖ್ಯೆ ಇಲ್ಲ, ಹಿಂದಿನ ಸ್ವಿಚ್ಚಿನ ಪ್ಲಾಸ್ಟಿಕ್ ಬಿರುಕು ಬಿಟ್ಟು ಒಂದು ಟರ್ಮಿನಲ್ ಅಲ್ಲಾಡುತ್ತಿದೆ. ಬ್ಯಾಟರಿ ಹಾಕಿಲ್ಲ. ಹೀಗಿರುವಾಗ ಹೊಸದನ್ನೇ ಹಾಕುವುದು ಮೇಲಲ್ಲವೇ?

ವೈರಿಂಗ್ ಕೆಲಸದವ, ಚಿತ್ರದುರ್ಗ

ಟರ್ಮಿನಲ್ ಅಲ್ಲಾಡುತ್ತಿದ್ದರೆ ಹರಿಹರದ ಅವರ ಸಲಹೆಗೆ ನಾನು ಒಪ್ಪುವುದಿಲ್ಲ. ಸಡಿಲವಾದ ಟರ್ಮಿನಲ್ ಬಿಸಿಯಾಗುತ್ತದೆ. ಆ ಕಾಲದ ಬ್ರಿಟಿಷ್ ವಿನ್ಯಾಸದ ಗಾಡಿಗಳಲ್ಲಿ ಬ್ಯಾಟರಿಯಿಂದ ಇಗ್ನಿಷನ್ ಸ್ವಿಚ್ಚಿಗೆ ಬರುವ ಮೇನ್ ವೈರಿಗೆ ನಡುವೆ ಫ್ಯೂಸೇ ಇರುವುದಿಲ್ಲ, ಹಾಗಾಗಿ ಅದು ಗಾಡಿಯ ಲೋಹದ ಬಾಡಿಗೆ ತಗುಲಿದರೆ ಸುಡುವುದು ವೈರಿಂಗೇ. ಎರಡು ಕೀ ಸಮೇತ ಬರುವ ಹೊಸ ಸ್ವಿಚ್ ಕೊಳ್ಳಿ. ದಾವಣಗೆರೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಹಳೆಯದನ್ನು ಒಯ್ದು ಕತ್ತಿನ ಅಳತೆ ಹೊಂದಿಸಿ ನೋಡಬೇಕು, ಡ್ಯಾಶ್ ಬೋರ್ಡಿನ ತೂತನ್ನು ಉಜ್ಜಿ ದೊಡ್ಡದು ಮಾಡುವ ಪ್ರಸಂಗ ಬರಬಾರದು. ನಿಮ್ಮ ಗಾಡಿಯಲ್ಲಿ ಸೆಲ್ಫ್ ಹೊಡೆಯುವುದು ಕೀಯಿಂದಲೋ ಬೇರೆ ಗುಂಡಿಯಿಂದಲೋ ಎಂಬುದನ್ನೂ ತಿಳಿದುಕೊಂಡೇ ಹೋಗಿ, ಏಕೆಂದರೆ ಬೇರೆ ಗುಂಡಿ ಇದ್ದರೆ ಹೊಸ ಸ್ವಿಚ್ಚಿನ ಸ್ಟಾರ್ಟರ್ ಟರ್ಮಿನಲ್ ಖಾಲಿ ಉಳಿಯುತ್ತದೆ.

ವೈರುಗಳ ವಿಷಯ. ಲೂಕಾಸ್ ಎಂಬ ಬ್ರಿಟಿಷ್ ಕಂಪನಿಯ ಬಣ್ಣದ ಪದ್ಧತಿಯಲ್ಲಿ ಕಂದು ಬಣ್ಣದ್ದು ಬ್ಯಾಟರಿಯ ಮೇನ್, ಬಿಳಿಯದು ಪ್ಲಗ್ಗಿನ ಕಿಡಿಗೆ ಬೇಕಾದ ಕರೆಂಟು ಕೊಡುವ ಕಾಯಿಲ್ ಕಡೆಗೆ ಹೋಗುವುದು, ಬಿಳಿಯ ಮೇಲೆ ಕೆಂಪು ಗೆರೆಯದು ಸ್ಟಾರ್ಟರ್ ಮೋಟರಿಗೆ ಕರೆಂಟು ಬಿಡುವ ಸೊಲೆನಾಯ್ಡಿಗೆ. ಆದರೆ ಇಷ್ಟು ವರ್ಷಗಳಲ್ಲಿ ಎಷ್ಟು ಕೈಗಳು ಆ ಡ್ಯಾಶ್ ಬೋರ್ಡಿನ ಹಿಂದೆ ಹೋಗಿಬಂದಿವೆಯೋ, ಬಣ್ಣವನ್ನು ನಂಬಬೇಡಿ. ಹಳೆಯ ಸ್ವಿಚ್ಚಿನಿಂದ ಒಂದೊಂದೇ ವೈರನ್ನು ಕಳಚಿ, ಅದು ಯಾವ ಟರ್ಮಿನಲ್ಲಿನಲ್ಲಿತ್ತೆಂದು ಬರೆದ ಚೀಟಿಯನ್ನು ಅದಕ್ಕೇ ಅಂಟಿಸಿ. ಎಲ್ಲ ತುದಿಗಳನ್ನೂ ಒಂದಕ್ಕೊಂದು ತಾಗದಂತೆ ಬಿಡಿಸಿಟ್ಟ ಮೇಲೆ ಬ್ಯಾಟರಿ ಸೇರಿಸಿ ಟೆಸ್ಟ್ ಲ್ಯಾಂಪ್ ಹಿಡಿದರೆ, ದೀಪ ಹತ್ತುವುದು ಮೇನ್ ವೈರಿನಲ್ಲಿ ಮಾತ್ರ. ಅದನ್ನು ಗುರುತು ಮಾಡಿಕೊಂಡು ಬ್ಯಾಟರಿಯನ್ನು ಮತ್ತೆ ಕಳಚಿ. ಕಳಚುವಾಗ ಬಾಡಿಗೆ ಸೇರಿರುವ ಕೇಬಲ್ಲೇ ಮೊದಲು; ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಬಾಡಿಗೆ ಸೇರಿರುವುದೂ ಉಂಟು, ಚಿಹ್ನೆಯನ್ನಲ್ಲ, ಕೇಬಲ್ ಹೋಗುವ ಜಾಗವನ್ನು ನೋಡಿ.

ಹೊಸ ಸ್ವಿಚ್ಚಿನಲ್ಲಿ ಬ್ಯಾಟರಿ, ಇಗ್ನಿಷನ್, ಸ್ಟಾರ್ಟರ್ ಟರ್ಮಿನಲ್ಲುಗಳಿಗೆ ಗುರುತು ಇರುತ್ತದೆ. ಆಯಾ ವೈರನ್ನು ಅಲ್ಲಲ್ಲಿಗೆ ಬಿಗಿಮಾಡಿ. ಮೊದಲ ಸಲ ಆನ್ ಮಾಡಿದಾಗ ಚಾರ್ಜಿಂಗ್‌ನ ಕೆಂಪು ದೀಪ ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಕೀ ಆಫ್ ಮಾಡಿದರೆ ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಕಾಯಿಲ್‌ನ ವೈರು ಮೇನ್ ಬದಿಗೆ ಸೇರಿದೆ ಎಂದರ್ಥ, ಆಗ ಬ್ಯಾಟರಿ ಕಳಚಿ ಮತ್ತೆ ನೋಡಿ. ಎಂಜಿನ್ ಓಡದೆ ಇಗ್ನಿಷನ್ ಆನ್‌ನಲ್ಲೇ ಬಹಳ ಹೊತ್ತು ಬಿಟ್ಟರೆ ಕಾಯಿಲ್ ಬಿಸಿಯಾಗಿ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಸುಡುತ್ತದೆ, ಆದ್ದರಿಂದ ಪರೀಕ್ಷೆಯನ್ನು ಬೇಗ ಮುಗಿಸಿ. ಹಳೆಯ ಲಾಕನ್ನು ಎಸೆಯಬೇಡಿ, ಅದರ ಕ್ರೋಮ್ ರಿಂಗು ಹೊಸದಕ್ಕೆ ಹೊಂದಿದರೆ ಅದನ್ನೇ ಹಾಕಬಹುದು.