ಬಿಲ್‌ಗೆ ಮುಂಚೆ ಹೊಸ ಕಾರಲ್ಲಿ ಏನೇನು ನೋಡ್ಬೇಕು?

ಪಿಬಿ ರೋಡ್ ಸವಾರ, ದಾವಣಗೆರೆ:
ಪೆಟ್ರೋಲ್ ಹ್ಯಾಚ್‌ಬ್ಯಾಕ್ ಬುಕ್ ಆಗಿದೆ. ಗಾಡಿ ಡೀಲರ್ ಯಾರ್ಡ್‌ಗೆ (ಹೊಸ ಗಾಡಿ ನಿಲ್ಲಿಸೋ ಜಾಗ) ಬಂದಿದೆ, ಉಳಿದ ದುಡ್ಡು ಕಟ್ಟಿದ್ರೆ ಶುಕ್ರವಾರ ನಂಬರ್ ಸಮೇತ ಡೆಲಿವರಿ ಅಂತಾರೆ. ಪೂಜೆ ದಿನ ನೋಡಿದ್ರೆ ಸಾಕಾ, ಮೊದಲೇ ಹೋಗ್ಬೇಕಾ?

ಕೋಟೆ16:
ಪೂಜೆ ದಿನ ನೋಡೋದು ಅಂದ್ರೆ ತಾಳಿ ಕಟ್ಟಿದ ಮೇಲೆ ಜಾತಕ ಕೇಳಿದಂಗೆ. ಈಗ ಕೆಎ-17 ಪ್ಲೇಟ್ ಹಾಕಿಯೇ ಗಾಡಿ ಕೈಗೆ ಕೊಡೋದು. ಬಿಲ್, ಇನ್ಶೂರೆನ್ಸ್, ಆರ್‌ಟಿಓ ಮೂರಕ್ಕೂ ಚಾಸಿಸ್ ನಂಬರ್ ಬಿದ್ದ ಮೇಲೆ ಬೇರೆ ಗಾಡಿ ಕೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಬಿಲ್‌ಗೆ ಮುಂಚೆ ಹೋಗ್ರಿ, ಅದೂ ಬಿಸಿಲಿರೋವಾಗ. ಧೂಳು ಕೂತಿದ್ರೆ ತೊಳೆಸಿ, ಒಣಗಿದ ಮೇಲೆ ನೋಡ್ರಿ. ಒದ್ದೆ ಮೈಮೇಲೆ ಗೀರು ಕಾಣಲ್ಲ.

ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತು ಉದ್ದಕ್ಕೆ ಓರೆಯಾಗಿ ಕಣ್ಣು ಹಾಯಿಸ್ರಿ. ಬಾಗಿಲ ಗೆರೆಯ ಪ್ರತಿಬಿಂಬ ಒಂದು ಕಡೆ ಅಲುಗಿದಂಗೆ ಕಂಡ್ರೆ ಅಲ್ಲಿ ಡೆಂಟ್ ತೆಗೆದಿರಬಹುದು. ರಬ್ಬರ್ ಬೀಡಿಂಗ್ ಅಂಚು ಬೆರಳಲ್ಲಿ ಮಡಚಿ ನೋಡ್ರಿ. ಅಲ್ಲಿ ಬಾಡಿ ಬಣ್ಣದ ಪುಡಿ ಸಿಕ್ಕಿದ್ರೆ ಮತ್ತೆ ಪೇಂಟ್ ಹೊಡೆದಿದ್ದಾರೆ ಅಂತಲೇ. ಬಾನೆಟ್ ಹಿಂಜ್ ಬೋಲ್ಟ್ ಮೂಲೆಯಲ್ಲಿ ಸ್ಪ್ಯಾನರ್ ಕಚ್ಚಿದ ಗುರುತು ಇದ್ರೆ ಯಾಕೆ ಬಿಚ್ಚಿದ್ದು ಅಂತ ಕೇಳ್ರಿ.

ವಿದ್ಯಾನಗರ ವೀಲ್ಸ್:
ಟೈರ್ ಮರೀಬೇಡಿ. ಪಕ್ಕದ ಗೋಡೆಯಲ್ಲಿ ಡಿಓಟಿ (DOT) ಅಂತ ಶುರುವಾಗೋ ಸಾಲಿನ ಕೊನೆಗೆ ನಾಲ್ಕಂಕಿ ಇರುತ್ತೆ. 3425 ಅಂದ್ರೆ 2025ರ 34ನೇ ವಾರ, ಆಗಸ್ಟ್. ನಾಲ್ಕೂ ಒಂದೇ ಬ್ರ್ಯಾಂಡ್, ಹತ್ತಿರದ ವಾರಗಳು ಇರಬೇಕು. ಸ್ಟೆಪ್ನಿಯದ್ದೂ ನೋಡಿ. ಟೈರ್ ತಾರೀಖು ಗಾಡಿ ತಯಾರಾದ ತಾರೀಖಿಗಿಂತ ಹೊಸದಿದ್ರೆ ಬದಲಾಗಿದೆ ಎಂದರ್ಥ.

ಗಾಡಿ ತಯಾರಾದ ತಿಂಗಳು, ವರ್ಷವನ್ನು ಫಾರ್ಮ್ 21ರ (ಡೀಲರ್ ಕೊಡೋ ಮಾರಾಟ ಪ್ರಮಾಣಪತ್ರ) ಜೊತೆ ಹೋಲಿಸಿ. ಚಾಸಿಸ್ ನಂಬರ್ 17 ಅಕ್ಷರ; ಲೋಹದಲ್ಲಿ ಕೊರೆದಿರೋದನ್ನೇ ಫೋಟೋ ತೆಗೆದು, ಬಿಲ್ ಕೈಗೆ ಬಂದಾಗ ಅಕ್ಷರಕ್ಕೆ ಅಕ್ಷರ ತಾಳೆ ಹಾಕಿ. ಜನವರಿ, ಫೆಬ್ರವರಿಯಲ್ಲಿ ಹೋದ ವರ್ಷದ ಗಾಡಿ ತಳ್ಳೋದು ಹೆಚ್ಚು, ಮುಂದೆ ಮಾರುವಾಗ ಪೆಟ್ಟು ಬೀಳೋದು ಅಲ್ಲೇ. ತಗೊಳ್ಳೋದಾದ್ರೆ ರಿಯಾಯಿತಿ ಕೇಳಿ ತಗೊಳ್ಳಿ.

ಆಟೋ ಎಲೆಕ್ಟ್ರಿಕ್ ಚಿತ್ರದುರ್ಗ:
ತಿಂಗಳುಗಟ್ಟಲೆ ನಿಂತ ಗಾಡಿಗೆ ಮೊದಲು ಸಾಯೋದು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಇಂಜಿನ್ ಆಫ್ ಇದ್ದಾಗ ಮಲ್ಟಿಮೀಟರ್ ಹಿಡಿದ್ರೆ 12.4ರಿಂದ 12.7 ವೋಲ್ಟ್ ತೋರಿಸಬೇಕು. 12ರ ಕೆಳಗೆ ಇಳಿದಿದ್ರೆ ಚಾರ್ಜ್ ಮಾಡಿಕೊಡ್ತೀವಿ ಅಂದ್ರೂ ಒಪ್ಪಬೇಡಿ, ಒಳಗಿನ ಪ್ಲೇಟ್‌ಗಳಿಗೆ ಸಲ್ಫೇಟ್ ಕಟ್ಟಿರೋ ಸಾಧ್ಯತೆ ಹೆಚ್ಚು. ಹೊಸದೇ ಹಾಕಿಸಿ.

ಬಾನೆಟ್ ಎತ್ತಿ ಟಾರ್ಚ್ ಹಾಕಿ. ಇಲಿ ಹಿಕ್ಕೆ, ಕಚ್ಚಿದ ವೈರ್ ಕಂಡ್ರೆ ಆ ಗಾಡಿ ಬೇಡವೇ ಬೇಡ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂಗೆ ತಡೆಯೋದು) ದೀಪ ಹತ್ತಿ ಕೆಲ ಸೆಕೆಂಡಲ್ಲಿ ಆರಬೇಕು. ಹತ್ತದೇ ಇದ್ರೂ ದೋಷವೇ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಗ್ಲಾಸು, ಎಸಿ, ವೈಪರ್, ಎರಡೂ ಕೀ ಎಲ್ಲಾ ಕೈಯಾರೆ ಆಡಿಸಿ.

ಪಿಬಿ ರೋಡ್ ಸವಾರ:
ಯಾರ್ಡ್ ಒಳಗೆ ಬಿಡಲ್ಲ ಅಂತಿದ್ದಾರಲ್ಲ ಸರ್?

ಕೋಟೆ16:
ಹಂಗಾದ್ರೆ ಶೋರೂಮ್‌ಗೇ ತರಿಸಲಿ. ಗಾಡಿ ನೋಡಿದ ಮೇಲೇ ಬಾಕಿ ಹಣ ಅಂತ ಸೇಲ್ಸ್‌ನವರಿಗೆ ಇವತ್ತೇ ವಾಟ್ಸಾಪ್‌ನಲ್ಲಿ ಬರೆದು ಹಾಕಿ, ಬಾಯಿಮಾತು ಬೇಡ.