ಪದಚರ್ಚೆ: ‘ಮ್ಯುಟೇಶನ್’ ಅಂದರೆ ರೂಪಾಂತರವೇ?

ಬಳಗದವರಿಗೆ ಧಾರವಾಡದಿಂದ ನಮಸ್ಕಾರ.

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವಾಗ ಆಗಾಗ ಸೈನ್ಸ್ ಫಿಕ್ಷನ್ ಸಿನಿಮಾಗಳ ತುಣುಕು ತೋರಿಸುತ್ತೇನೆ. ಆಮೇಲಿನ ಚರ್ಚೆ ಕನ್ನಡದಲ್ಲೇ. ತೊಡಕು ಶುರುವಾಗುವುದೂ ಅಲ್ಲೇ: ಮ್ಯುಟೇಶನ್, ಅಂದರೆ ಜೀನಿನ ಬರಹದಲ್ಲಾಗುವ ಬದಲಾವಣೆಗೆ, ಕನ್ನಡದಲ್ಲಿ ಏನನ್ನುವುದು?

1986ರ ‘ದಿ ಫ್ಲೈ’ನಲ್ಲಿ ವಿಜ್ಞಾನಿಯೊಬ್ಬ ತಾನು ಕಟ್ಟಿದ ಯಂತ್ರದೊಳಗೆ ಹೊಗುತ್ತಾನೆ, ಜೊತೆಗೊಂದು ನೊಣವೂ ನುಸುಳಿರುತ್ತದೆ. ಎರಡರ ಜೀನುಗಳೂ ಬೆರೆತು, ಉಗುರು ಕಳಚಿ, ಹಲ್ಲು ಉದುರಿ ಆತ ನೊಣದಂತಾಗುತ್ತ ಹೋಗುತ್ತಾನೆ. ಇದಕ್ಕೆ ರೂಪಾಂತರ ಎನ್ನಲು ಅಡ್ಡಿಯಿಲ್ಲ. ಆದರೆ ಕೋವಿಡ್ ಕಾಲದಲ್ಲಿ ಪತ್ರಿಕೆಗಳು ವೈರಸ್ಸಿಗೂ ‘ರೂಪಾಂತರಿ’ ಎಂದೇ ಬರೆದವು. ಹಿಂದಿನ ಬೆಂಚಿನ ಹುಡುಗ, “ಹುಳ ಪಾತರಗಿತ್ತಿ ಆಗ್ತದಲ್ರೀ ಸರ, ಅದೂ ಮ್ಯುಟೇಶನ್ನೇನ್ರೀ?” ಎಂದು ಕೇಳಿದ. ಕೇಳದೆ ಏನು ಮಾಡ್ಯಾನು? ಹುಳ ಪಾತರಗಿತ್ತಿಯಾದರೂ ಅದರ ಡಿಎನ್‌ಎ ಅದೇ. ಕುಡಗೋಲುಕಣ ರಕ್ತಹೀನತೆಯಲ್ಲಿ (ಸಿಕಲ್ ಸೆಲ್ ಅನೀಮಿಯಾ) ಇದರ ಉಲ್ಟಾ: ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಜೀನಿನಲ್ಲಿ ‘ಎ’ ಎಂಬ ಡಿಎನ್‌ಎ ಅಕ್ಷರ ಇರಬೇಕಾದ ಒಂದು ಜಾಗದಲ್ಲಿ ‘ಟಿ’ ಇರುತ್ತದೆ. ಅದರಿಂದ ಪ್ರೋಟೀನಿನಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೊ ಆಮ್ಲ ಹೋಗಿ ವ್ಯಾಲೀನ್ ಎಂಬ ಇನ್ನೊಂದು ಕೂಡುತ್ತದೆ, ಕೆಂಪು ರಕ್ತಕಣ ಬಾಗುತ್ತದೆ. ಮನುಷ್ಯ ಮನುಷ್ಯನೇ.

ಪಠ್ಯದ ‘ಉತ್ಪರಿವರ್ತನೆ’ ಖಚಿತ, ಒಪ್ಪೋಣ. ಪರೀಕ್ಷೆಯ ಆಚೆಗೆ ಅದನ್ನು ಆಡಿದವರನ್ನು ನಾನಂತೂ ಕಂಡಿಲ್ಲ.

ಹಳ್ಳಿಯಿಂದ ಬರುವ ಮಕ್ಕಳಿಗೆ ಮ್ಯುಟೇಶನ್ ಹೊಸ ಪದವೇ ಅಲ್ಲ! ಹೊಲದ ವಾಟ್ನಿಯಾದ (ಪಾಲಾದ) ಮೇಲೆ ಉತಾರದಲ್ಲಿ (ಪಹಣಿಯಲ್ಲಿ) ಅಪ್ಪನ ಹೆಸರು ತೆಗೆಸಿ ತಮ್ಮ ಹೆಸರು ಹಚ್ಚಿಸಲು, ಅಂದರೆ ಕಚೇರಿಯ ಮಾತಿನಲ್ಲಿ ಮ್ಯುಟೇಶನ್ ಮಾಡಿಸಲು, ತಹಸೀಲ್ದಾರ ಕಚೇರಿಗೆ ಅಲೆದವರು ಅವರ ಮನೆಯಲ್ಲೇ ಇದ್ದಾರೆ. ದಾಖಲೆಯಲ್ಲಿ ಒಂದು ನಮೂದು ಬದಲಾಯಿತೆಂದರೆ ಮುಂದಿನ ನಕಲುಗಳೆಲ್ಲ ಹಾಗೇ ಬರುತ್ತವೆ. ಜೀನಿನಲ್ಲೂ ಆಗುವುದು ಇದೇ. (ಅಲ್ಲಿ ಅರ್ಜಿ ಕೊಡಬೇಕು, ಇಲ್ಲಿ ಬೇಕಿಲ್ಲ, ಅಷ್ಟು ಫರಕು.) ಹಾಗಾಗಿ ಮ್ಯುಟೇಶನ್ ಅನ್ನು ಹಾಗೇ ಇಟ್ಟುಕೊಳ್ಳೋಣ ಎಂಬುದು ನನ್ನ ಮತ.

ನನಗೆ ಪದ ಬೇಕಿರುವುದು ‘ಮ್ಯುಟಂಟ್’ಗೆ, ಅಂದರೆ ಮ್ಯುಟೇಶನ್ ಆಗಿರುವ ಜೀವಿಗೆ. ‘ತಳಿ’ ವೈರಸ್ಸಿಗೆ ಹೊಂದುತ್ತದೆ. ಬ್ಯಾಡಗಿ ಮೆಣಸಿನಕಾಯಿಯಲ್ಲೂ ಕಡ್ಡಿ, ಡಬ್ಬಿ ತಳಿಗಳಿವೆಯಲ್ಲ. ಆದರೆ 1910ರಲ್ಲಿ ಅಮೆರಿಕದ ಜೀವವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ನರ ಪ್ರಯೋಗಾಲಯದಲ್ಲಿ ಕೆಂಪು ಕಣ್ಣಿನ ಹಣ್ಣುನೊಣಗಳ ನಡುವೆ ಒಂದೇ ಒಂದು ಬಿಳಿ ಕಣ್ಣಿನ ಗಂಡುನೊಣ ಸಿಕ್ಕಿತು. ಒಂಟಿ ನೊಣವನ್ನು ತಳಿ ಎನ್ನಲಾಗದು. ರೂಪಾಂತರಿ ಎನ್ನೋಣವೆಂದರೆ ಅದು ಹುಟ್ಟಿದ್ದೇ ಬಿಳಿ ಕಣ್ಣಿನಿಂದ. ಅದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ? ಇಲ್ಲಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೀಜದ ಕೆಲಸ ಮಾಡುವವರು ಬಳಗದಲ್ಲಿದ್ದರೆ, ಹೊಲದಲ್ಲಿ ಒಂದೇ ಗಿಡ ಬೇರೆಯಾಗಿ ಬಂದರೆ ರೈತರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ತಿಳಿಸಿ.